ಹಸಿರು ಕಂಡಿತು, ಕಾಳು ಕಾಣಲಿಲ್ಲ

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಉಪಗ್ರಹದ ಚಿತ್ರಗಳಿಂದ ಬೆಳೆಯ ನಕ್ಷೆ ತಯಾರಿಸುವ ಕೆಲಸದಲ್ಲಿದ್ದೆ. ಈ ಕೆಲಸವನ್ನ ಊರಿನವರಿಗೆ ವಿವರಿಸಿ ಹೇಳೋದು ಸ್ವಲ್ಪ ಕಷ್ಟ. ಹಾವೇರಿ ಜಿಲ್ಲೆಯ ನಮ್ಮೂರಲ್ಲಿ ದೊಡ್ಡಪ್ಪ ಅದನ್ನು ಸುಲಭ ಮಾಡಿಬಿಟ್ಟಿದ್ದರು. "ನಮ್ಮ ಹುಡುಗ ಮುಗಿಲ ಮ್ಯಾಲಿಂದ ಹೊಲ ನೋಡ್ತಾನ" ಅಂತ ಕಟ್ಟೆ ಮೇಲೆ ಕೂತವರಿಗೆಲ್ಲ ಹೇಳಿಕೊಂಡು ಬಂದಿದ್ದರು. ನನಗೂ ಅದು ಒಳಗೊಳಗೇ ಖುಷಿ ಕೊಡುತ್ತಿತ್ತು ಅನ್ನೋದನ್ನ ಮುಚ್ಚಿಡೋದಿಲ್ಲ.

ಸೆಪ್ಟೆಂಬರಿನ ಒಂದು ಸಂಜೆ ಅವರೇ ಫೋನ್ ಮಾಡಿದರು.

"ಏನೋ ತಮ್ಮಾ, ನಮ್ಮ ಹಳ್ಳದ ದಂಡಿ ಹೊಲ ಕಾಣತೈತೇನು ನಿನ್ನ ಕಂಪ್ಯೂಟರ್‌ದಾಗ?"

"ಕಾಣತೈತಿ ದೊಡ್ಡಪ್ಪ."

"ಹೆಂಗೈತಿ ಬೆಳಿ?"

ಮೂರು ಎಕರೆ ಗೋವಿನಜೋಳ. ನಾವು ಬಳಸುತ್ತಿದ್ದ ಚಿತ್ರದಲ್ಲಿ ಒಂದೊಂದು ಚೌಕ 10 ಮೀಟರ್ ಉದ್ದ, 10 ಮೀಟರ್ ಅಗಲ. ಹಾಗಾಗಿ ಆ ಹೊಲ ನನ್ನ ಪರದೆಯ ಮೇಲೆ ಸುಮಾರು 120 ಚೌಕ. ಅದೃಷ್ಟಕ್ಕೆ ಮೋಡ ಸರಿದ ದಿನದ ಚಿತ್ರ ಸಿಕ್ಕಿತ್ತು, ಎರಡೇ ದಿನ ಹಳೆಯದು. ನೋಡಿದೆ. ಗಾಢ ಹಸಿರು. ಸುತ್ತಲಿನ ಹೊಲಗಳಿಗಿಂತ ಒಂದು ಕೈ ಮೇಲೇ ಇತ್ತು.

"ಭಾಳ ಚಲೋ ಐತಿ ದೊಡ್ಡಪ್ಪ. ಆಜೂಬಾಜೂದವ್ರಿಗಿಂತ ನಿಮ್ಮದ ಚಲೋ ಐತಿ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ ಅಂದರು: "ಹಸರ ಐತಿ ಖರೇ. ತೆನಿಯಾಗ ಕಾಳಿಲ್ಲೋ ತಮ್ಮಾ."

ಆಗಿದ್ದಿಷ್ಟು. ಬಿತ್ತನೆಗೆ ಮಳೆ ಚೆನ್ನಾಗಿಯೇ ಬಂದಿತ್ತು. ಗೊಬ್ಬರ ಕೊಟ್ಟಿದ್ದರು, ಎಡೆ ಹೊಡೆದಿದ್ದರು, ಪೈರು ಆಳೆತ್ತರ ಬೆಳೆದಿತ್ತು. ಸೂಲಂಗಿ ಹೊರಬಿದ್ದು ತೆನೆಗೆ ಕೂದಲು ಬರುವ ಹೊತ್ತಿಗೆ ಸರಿಯಾಗಿ ಮಳೆ ಕೈಕೊಟ್ಟಿತು. ಗೋವಿನಜೋಳದ ತೆನೆಯಲ್ಲಿ ಒಂದೊಂದು ಕೂದಲಿಗೂ ಒಂದೊಂದು ಕಾಳು. ತುದಿಯ ಸೂಲಂಗಿಯಿಂದ ಉದುರುವ ಪರಾಗ ಆ ಕೂದಲಿನ ಮೇಲೆ ಬಿದ್ದರೆ ಕಾಳು ಕಟ್ಟುತ್ತದೆ, ಬೀಳದಿದ್ದರೆ ಆ ಜಾಗ ಖಾಲಿ. ಬರ ಬಂದಾಗ ಕೂದಲು ಹೊರಬರೋದು ತಡವಾಗುತ್ತದೆ, ಅಷ್ಟರಲ್ಲಿ ಪರಾಗ ಉದುರಿ ಮುಗಿದಿರುತ್ತದೆ. ಆಮೇಲೆ ಮಳೆ ಬಂತು. ಎಲೆ ಮತ್ತೆ ಚಿಗುರಿಕೊಂಡಂತೆ ಹಸಿರಾಗಿ ನಿಂತಿತು. ಕಾಳು ಮಾತ್ರ ಹಿಂದಿರುಗಿ ಬರಲಿಲ್ಲ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಸುಳ್ಳು ಹೇಳಿರಲಿಲ್ಲ. ಉಪಗ್ರಹವೂ ಸುಳ್ಳು ಹೇಳಿರಲಿಲ್ಲ. ಆದರೂ ಆ ಮನುಷ್ಯನ ಕಿವಿಗೆ ಬಿದ್ದದ್ದು ಸುಳ್ಳು. ಇದು ಹೇಗೆ ಸಾಧ್ಯ? ಅದಕ್ಕಿಂತ ದೊಡ್ಡದಾಗಿ ಕಾಡಿದ ಪ್ರಶ್ನೆ ಇನ್ನೊಂದು: ದೂರದಲ್ಲಿ ಕೂತು, ಬೆಳಕನ್ನು ಅಳೆದು, ಇನ್ನೊಬ್ಬರ ದುಡಿಮೆ ಹೇಗಿದೆ ಅಂತ ತೀರ್ಪು ಹೇಳುವ ಹಕ್ಕು ನಮಗೆ ಯಾವಾಗ ಬರುತ್ತದೆ?

ಮೊದಲು ಈ ಅಳತೆ ಏನು ಅಂತ ಸ್ವಲ್ಪ ಹೇಳಿಬಿಡ್ತೀನಿ. ಇದರಲ್ಲಿ ಮಾಯೆ ಮಂತ್ರ ಏನಿಲ್ಲ.

ಎಲೆಯ ಮೇಲೆ ಬಿಸಿಲು ಬಿದ್ದಾಗ ಎಲ್ಲ ಬಣ್ಣದ ಬೆಳಕನ್ನೂ ಎಲೆ ಒಂದೇ ರೀತಿ ನಡೆಸಿಕೊಳ್ಳೋದಿಲ್ಲ. ಅದರೊಳಗಿನ ಪತ್ರಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ಹೀರಿಕೊಂಡು ಆಹಾರ ತಯಾರಿಸಲು ಬಳಸುತ್ತದೆ. ಹಸಿರನ್ನು ಅಷ್ಟಾಗಿ ಹೀರದೆ ಸ್ವಲ್ಪ ಹಿಂದಕ್ಕೆ ಕಳಿಸುತ್ತದೆ, ಅದಕ್ಕೇ ಎಲೆ ನಮಗೆ ಹಸಿರಾಗಿ ಕಾಣೋದು. ಆದರೆ ನಮ್ಮ ಕಣ್ಣಿಗೆ ಬೀಳದ ಇನ್ನೊಂದು ಬೆಳಕಿದೆ, ಕೆಂಪಿನ ಆಚೆಗಿನ ಅವಗೆಂಪು. ಕೆಂಪಿಗೆ ಹತ್ತಿರದ ಅವಗೆಂಪು ಎಲೆಗೆ ಬೇಡ. ಎಲೆಯೊಳಗಿನ ಕೋಶಗಳ ನಡುವೆ ಗಾಳಿ ತುಂಬಿದ ಸಂದುಗಳಿರುತ್ತವೆ, ಅಲ್ಲಿ ಚದುರಿ ಆ ಬೆಳಕಿನ ಹೆಚ್ಚುಕಮ್ಮಿ ಅರ್ಧದಷ್ಟು ಹೊರಗೆ ಬಂದುಬಿಡುತ್ತದೆ. ಹಾಗಾಗಿ ಸೊಂಪಾದ ಎಲೆ ಅಂದರೆ ಕೆಂಪನ್ನು ನುಂಗಿ ಅವಗೆಂಪನ್ನು ವಾಪಸ್ ಎಸೆಯುವ ಎಲೆ. ಬಾಡಿದ ಎಲೆಯಲ್ಲಿ, ಬರಿ ಮಣ್ಣಿನಲ್ಲಿ ಈ ವ್ಯತ್ಯಾಸ ಕುಗ್ಗುತ್ತದೆ.

1972ರ ಜುಲೈನಲ್ಲಿ ಅಮೆರಿಕ ಹಾರಿಸಿದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಈ ಎರಡೂ ಬೆಳಕುಗಳನ್ನು ಬೇರೆಬೇರೆಯಾಗಿ ಅಳೆಯತೊಡಗಿತು. ಮರುವರ್ಷದ ಹೊತ್ತಿಗೆ ಟೆಕ್ಸಾಸ್‌ನಲ್ಲಿ ಜಾನ್ ರೌಸ್ ಮತ್ತು ಸಂಗಡಿಗರು ಒಂದು ಸರಳ ಲೆಕ್ಕ ಮುಂದಿಟ್ಟರು. ಅವಗೆಂಪಿನಿಂದ ಕೆಂಪನ್ನು ಕಳೆಯಿರಿ, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಿ. ಉತ್ತರ ಯಾವಾಗಲೂ ಮೈನಸ್ 1ರಿಂದ 1ರ ಒಳಗೆ. ಬರಿ ನೆಲಕ್ಕೆ ಸೊನ್ನೆಗಿಂತ ಸ್ವಲ್ಪ ಮೇಲೆ, ದಟ್ಟ ಬೆಳೆಗೆ 0.8 ಅಥವಾ ಅದಕ್ಕಿಂತ ಹೆಚ್ಚು. ಇದನ್ನೇ ಎನ್‌ಡಿವಿಐ ಅನ್ನೋದು. ದೊಡ್ಡಪ್ಪನ ಹೊಲಕ್ಕೆ ಆ ದಿನ ಬಂದಿದ್ದು 0.8ರ ಮೇಲೆ.

ಗಮನಿಸಿ, ಈ ಲೆಕ್ಕದಲ್ಲಿ ಕಾಳು ಅನ್ನೋ ಪದ ಎಲ್ಲೂ ಇಲ್ಲ. ಎಷ್ಟು ಎಲೆ ಇದೆ, ಅದು ಎಷ್ಟು ಹಸಿರಾಗಿದೆ, ಇಷ್ಟಕ್ಕೇ ಅದು ಉತ್ತರ ಕೊಡೋದು. ಕಳೆ ಬೆಳೆದಿದ್ದರೂ ಅದಕ್ಕೆ ಹಸಿರೇ. ಎಲೆಗಳು ಒಂದರ ಮೇಲೊಂದು ಬಿದ್ದು ನೆಲ ಮುಚ್ಚಿಹೋದ ಮೇಲಂತೂ ಸಂಖ್ಯೆ ಏರೋದೇ ನಿಂತುಬಿಡುತ್ತದೆ. ಇದೆಲ್ಲ ಆ ವಿಜ್ಞಾನಿಗಳಿಗೆ ಮೊದಲ ದಿನದಿಂದ ಗೊತ್ತಿದ್ದ ಮಾತು. ನನಗೂ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ. ಆದರೂ "ಬೆಳಿ ಹೆಂಗೈತಿ" ಅಂತ ಕೇಳಿದಾಗ "ಎಲಿ ಹಸರ ಐತಿ" ಅಂತ ಹೇಳಲಿಲ್ಲ, "ಚಲೋ ಐತಿ" ಅಂದುಬಿಟ್ಟೆ. ಯಂತ್ರ ಒಂದು ಬಣ್ಣ ಹೇಳಿತ್ತು. ಅದನ್ನು ತೀರ್ಪು ಮಾಡಿದವನು ನಾನು.

ಇಷ್ಟು ಹೇಳಿದ ಕೂಡಲೇ ಕೆಲವರು ಅನ್ನಬಹುದು, "ನೋಡಿ, ಇದಕ್ಕೇ ಹೇಳೋದು, ಯಂತ್ರ ನಂಬಬಾರದು, ರೈತನ ಕಣ್ಣೇ ಕಣ್ಣು" ಅಂತ. ಆ ಮಾತು ಕೇಳೋಕೆ ಚೆಂದ. ಆದರೆ ಪೂರ್ತಿ ನಿಜ ಅಲ್ಲ, ಮತ್ತು ನಾನು ಅದನ್ನು ಹೇಳಿ ಚಪ್ಪಾಳೆ ತಗೊಳ್ಳೋಕೆ ಇಲ್ಲಿ ಬರೆಯುತ್ತಿಲ್ಲ.

ಕಣ್ಣೂ ಮೋಸ ಹೋಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಫಿರಂಗಿಗಳನ್ನು, ಟ್ಯಾಂಕುಗಳನ್ನು ಹಸಿರು ಬಣ್ಣ ಬಳಿದ ಬಲೆಗಳಿಂದ, ಕಡಿದು ತಂದ ಕೊಂಬೆಗಳಿಂದ ಮುಚ್ಚಿಡುತ್ತಿದ್ದರು. ವಿಮಾನದಿಂದ ನೋಡುವ ಕಣ್ಣಿಗೆ ಅದು ಕಾಡಿನ ಹಾಗೇ ಕಾಣುತ್ತಿತ್ತು. ಆಗ ಅವಗೆಂಪನ್ನು ಹಿಡಿಯುವ ಒಂದು ವಿಶೇಷ ಫಿಲ್ಮ್ ಬಂತು. ಅದರಲ್ಲಿ ಜೀವಂತ ಎಲೆ ಕೆಂಪಾಗಿ ಹೊಳೆಯುತ್ತಿತ್ತು, ಬಳಿದ ಹಸಿರು ಮಂಕಾಗಿ ಸಿಕ್ಕಿಬೀಳುತ್ತಿತ್ತು. ಜೀವ ಇರುವ ಹಸಿರು ಯಾವುದು, ಇಲ್ಲದ ಹಸಿರು ಯಾವುದು ಅನ್ನೋದನ್ನ ಕಣ್ಣಿಗಿಂತ ಚೆನ್ನಾಗಿ ಹೇಳಿದ್ದು ಆ ಫಿಲ್ಮು.

ಅದೇ ಬಗೆಯ ಫಿಲ್ಮ್ ನಮ್ಮ ದೇಶದಲ್ಲಿ ಒಳ್ಳೆಯ ಕೆಲಸಕ್ಕೆ ಬಳಕೆಯಾಯಿತು. 1970ರಲ್ಲಿ ಪಿ.ಆರ್. ಪಿಶಾರೋಟಿ ಅವರ ನೇತೃತ್ವದಲ್ಲಿ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ ಚಿತ್ರ ತೆಗೆದರು. ಬೇರುಸೊರಗು ರೋಗ ಆಗ ಅಲ್ಲಿನ ತೆಂಗನ್ನು ಹಾಳುಮಾಡುತ್ತಿತ್ತು. ಯಾವ ಮರಕ್ಕೆ ರೋಗ ತಗುಲಿದೆ ಅಂತ ಆ ಚಿತ್ರಗಳಲ್ಲಿ ಗುರುತಿಸಲು ನೋಡಿದರು. ಭಾರತದಲ್ಲಿ ದೂರಸಂವೇದಿ ವಿಜ್ಞಾನ ಶುರುವಾದದ್ದೇ ಅಲ್ಲಿಂದ ಅನ್ನುತ್ತಾರೆ. ದೂರದಿಂದ ನೋಡುವ ಈ ವಿದ್ಯೆ ನಮ್ಮಲ್ಲಿ ಹುಟ್ಟಿದ್ದು ಕಾಯಿಲೆ ಬಿದ್ದ ಮರದ ನಾಡಿ ಹಿಡಿಯಲು ಅನ್ನೋದು ನನಗೆ ಇವತ್ತಿಗೂ ಹೆಮ್ಮೆಯ ಸಂಗತಿ.

ಕಣ್ಣಿನ ಇನ್ನೊಂದು ದೋಷ ರೋಗಕ್ಕಿಂತ ಕೆಟ್ಟದ್ದು. ಅದು ಮುಖ ನೋಡಿ ಮಣೆ ಹಾಕುತ್ತದೆ. ನಮ್ಮ ಕಡೆ ಇವತ್ತಿಗೂ "ಈ ವರ್ಷ ಎಂಟಾಣೆ ಬೆಳಿ", "ನಾಕಾಣೆನೂ ಇಲ್ಲ" ಅಂತ ಮಾತಾಡ್ತೇವಲ್ಲ, ಅದು ಹಳೇ ಮುಂಬಯಿ ಪ್ರಾಂತ್ಯದ ಆಣೆವಾರಿ ಪದ್ಧತಿಯ ಉಳಿಕೆ. ರೂಪಾಯಿಗೆ 16 ಆಣೆ, ಹಾಗೇ ತುಂಬು ಬೆಳೆಗೂ 16 ಆಣೆ. ಕಂದಾಯದವರು ಬಂದು ಹೊಲ ನೋಡಿ, ಇಲ್ಲಿ ಇಷ್ಟಾಣೆ ಬೆಳೆ ಅಂತ ಕಣ್ಣಂದಾಜಿನಲ್ಲಿ ಬರೆದುಕೊಳ್ಳುತ್ತಿದ್ದರು. ಆಣೆ ಇಳಿದರೆ ಕಂದಾಯದಲ್ಲಿ ರಿಯಾಯಿತಿ. ಇನ್ನು ಕೇಳಬೇಕೆ? ರಸ್ತೆ ಬದಿಯ ಹೊಲ ಕಂಡಿತು, ಒಳಗಿನ ಹೊಲ ಕಾಣಲಿಲ್ಲ. ಚಹಾ ಕೊಟ್ಟವನ ಹೊಲ ಒಂದು ಬಗೆಯಾಗಿ ಕಂಡಿತು, ಎದುರು ನಿಂತು ಮಾತಾಡಲಾರದವನ ಹೊಲ ಇನ್ನೊಂದು ಬಗೆಯಾಗಿ. ನಮ್ಮ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಈ ಬಗೆಯವು ಬೇಕಾದಷ್ಟಿದ್ದವು.

ಈ ಕಣ್ಣಂದಾಜಿಗೆ ಮದ್ದು ಹುಡುಕಿಯೇ 1940ರ ದಶಕದಲ್ಲಿ ಪಿ.ಸಿ. ಮಹಲನೋಬಿಸ್, ಪಿ.ವಿ. ಸುಖಾತ್ಮೆ ಅವರಂಥವರು ಬೆಳೆ ಕಟಾವು ಪ್ರಯೋಗಕ್ಕೆ ಗಟ್ಟಿ ತಳಹದಿ ಹಾಕಿದ್ದು. ಚೀಟಿ ಎತ್ತಿದ ಹಾಗೆ ಹೊಲ ಆರಿಸು, ಅದರಲ್ಲಿ ಅಳೆದು ಒಂದು ತುಂಡು ಗುರುತು ಮಾಡು, ಕೊಯ್ದು, ಬಡಿದು, ತೂಗು. ಅಲ್ಲಿ ಯಾರ ಮುಖವೂ ಲೆಕ್ಕಕ್ಕಿಲ್ಲ. ಉಪಗ್ರಹ ಈ ದಾರಿಯಲ್ಲೇ ಇನ್ನೊಂದು ಹೆಜ್ಜೆ. ಮೇಲಿನಿಂದ ನೋಡುವ ಆ ಕಣ್ಣಿಗೆ ಗೌಡರ ಹೊಲವೂ ಅಷ್ಟೇ, ಗಂಡ ಸತ್ತ ಹೆಣ್ಣುಮಗಳ ಒಂದೆಕರೆಯೂ ಅಷ್ಟೇ. ಚಹಾ ಕುಡಿಯದ ಅಧಿಕಾರಿ ಅದು. ಈ ನ್ಯಾಯವನ್ನು ನಾನು ಹಗುರವಾಗಿ ಎಣಿಸೋದಿಲ್ಲ.

ಹಾಗಾದರೆ ತಪ್ಪು ಎಲ್ಲಿ? ಕಣ್ಣೋ ಯಂತ್ರವೋ ಅನ್ನೋ ಜಗಳದಲ್ಲಿ ಇದಕ್ಕೆ ಉತ್ತರ ಸಿಗೋದಿಲ್ಲ ಅಂತ ನನಗೆ ಅನ್ನಿಸಿದ್ದು, ಭತ್ತದ ಗದ್ದೆಯಲ್ಲಿ ಬಳಸುವ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ನೆನೆಸಿಕೊಂಡಾಗ.

ಅದಕ್ಕೆ ಎಲೆ ಬಣ್ಣದ ಪಟ್ಟಿ ಅಂತಾರೆ. ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಏಷ್ಯಾದ ರೈತರ ಕೈಗೆ ಮುಟ್ಟಿಸಿದ ಸಾಧನ. ತಿಳಿಹಸಿರಿನಿಂದ ಕಡುಹಸಿರಿನವರೆಗೆ ಕೆಲವು ಪಟ್ಟೆಗಳು, ಅಷ್ಟೇ. ಪೈರಿನ ಮೇಲ್ತುದಿಯಲ್ಲಿ ಪೂರ್ತಿ ಬಿಚ್ಚಿಕೊಂಡ ಎಲೆಯ ನಡುಭಾಗವನ್ನು ಪಟ್ಟಿಯ ಮೇಲಿಟ್ಟು ಬಣ್ಣ ಹೋಲಿಸಬೇಕು. ಬಿಸಿಲು ಬಿದ್ದರೆ ಬಣ್ಣ ತಪ್ಪು ಕಾಣುತ್ತದೆ, ಅದಕ್ಕೇ ನಿಮ್ಮ ಮೈಯ ನೆರಳಲ್ಲಿ ಹಿಡಿಯಬೇಕು. ಹತ್ತು ಎಲೆ ನೋಡಿ, ಆರು ಅಥವಾ ಹೆಚ್ಚು ಎಲೆ ಗೊತ್ತುಮಾಡಿದ ಪಟ್ಟೆಗಿಂತ ತೆಳುವಾಗಿದ್ದರೆ ಯೂರಿಯಾ ಕೊಡಿ, ಇಲ್ಲದಿದ್ದರೆ ಚೀಲ ಹಾಗೇ ಇರಲಿ. ಇದೂ ಬೆಳಕಿನ ಪ್ರತಿಫಲನದ ಅಳತೆಯೇ. ಉಪಗ್ರಹ ಮಾಡುವುದರ ಬಡ ತಮ್ಮ ಅನ್ನಿ.

ಆದರೆ ಒಂದು ವ್ಯತ್ಯಾಸ ನೋಡಿ. ಇಲ್ಲಿ ಅಳೆಯುವವನು, ಅಳತೆ ನೋಡಿ ತೀರ್ಮಾನ ಮಾಡುವವನು, ಆ ತೀರ್ಮಾನ ತಪ್ಪಿದರೆ ಅನುಭವಿಸುವವನು, ಮೂವರೂ ಒಬ್ಬನೇ. ಪಟ್ಟಿ ತಪ್ಪು ಹೇಳಿದೆ ಅನ್ನಿಸಿದರೆ ಅವನು ಇನ್ನೊಂದು ಎಲೆ ಹಿಡಿಯುತ್ತಾನೆ. ಬುಡ ಕಿತ್ತು ಬೇರು ನೋಡುತ್ತಾನೆ. ಪಕ್ಕದ ಗದ್ದೆಯವನನ್ನು ಕೇಳುತ್ತಾನೆ. ಅಳತೆ ಅವನಿಗೆ ಒಂದು ಸಲಹೆ.

ಉಪಗ್ರಹದ ಅಳತೆಯಲ್ಲಿ ಈ ಮೂವರು ಬೇರೆಬೇರೆಯಾಗಿಬಿಡುತ್ತಾರೆ. ನಾನು ಬೆಂಗಳೂರಿನಲ್ಲಿ ಅಳೆದೆ. ಇನ್ನೆಲ್ಲೋ ಇನ್ನೊಬ್ಬರು ಅದರ ಮೇಲೆ ತೀರ್ಮಾನ ಮಾಡುತ್ತಾರೆ. ಅನುಭವಿಸುವವರು ಹಳ್ಳದ ದಂಡೆಯ ಹೊಲದಲ್ಲಿ ನಿಂತಿರುತ್ತಾರೆ. ನನ್ನ ಪರದೆಯಲ್ಲಿ ತಪ್ಪಾದರೆ ನನ್ನ ಸಂಬಳದಲ್ಲಿ ಒಂದು ರೂಪಾಯಿ ಕಡಿಮೆ ಆಗೋದಿಲ್ಲ. ನೋವು ಆಗದ ಜಾಗದಲ್ಲಿ ಕೂತು ಅಳೆಯುವವನಿಗೆ ತಪ್ಪು ಗೊತ್ತಾಗುವುದೂ ತಡ. ಎಷ್ಟೋ ಸಲ ಗೊತ್ತೇ ಆಗೋದಿಲ್ಲ.

ಈ ಅಗಲಿಕೆ ಆಕಸ್ಮಿಕವೂ ಅಲ್ಲ. ಬೆಳೆಯನ್ನು ಆಕಾಶದಿಂದ ಅಳೆಯುವ ಮೊದಲ ದೊಡ್ಡ ಪ್ರಯತ್ನದ ಹಿನ್ನೆಲೆ ನೋಡಿ. 1972ರಲ್ಲಿ ಸೋವಿಯತ್ ದೇಶದಲ್ಲಿ ಬೆಳೆ ಕೈಕೊಟ್ಟಿತು. ಅವರು ಸದ್ದಿಲ್ಲದೆ ಅಮೆರಿಕದಿಂದ ಭಾರಿ ಪ್ರಮಾಣದ ಗೋಧಿಯನ್ನು ಅಗ್ಗಕ್ಕೆ ಕೊಂಡುಬಿಟ್ಟರು. ಆಮೇಲೆ ಬೆಲೆ ಗಗನಕ್ಕೇರಿತು. ಇನ್ನೊಮ್ಮೆ ಹೀಗೆ ಮೋಸ ಹೋಗಬಾರದು ಅನ್ನೋ ಕಾಳಜಿಯೂ ಸೇರಿ, 1974ರಿಂದ 1977ರವರೆಗೆ ನಾಸಾ ಮತ್ತು ಅಮೆರಿಕದ ಕೃಷಿ ಇಲಾಖೆಯವರು ಲ್ಯಾಂಡ್‌ಸ್ಯಾಟ್ ಚಿತ್ರಗಳಿಂದ ಗೋಧಿ ಅಂದಾಜು ಮಾಡುವ ಒಂದು ದೊಡ್ಡ ಪ್ರಯೋಗ ನಡೆಸಿದರು. 1977ರಲ್ಲಿ ಸೋವಿಯತ್ ಬೆಳೆ ಕಡಿಮೆಯಾಗುತ್ತದೆ ಅಂತ ಅವರು ಹೇಳಿದ್ದು ನಿಜವೂ ಆಯಿತು. ತಂತ್ರದ ದೃಷ್ಟಿಯಿಂದ ಅದು ಗೆಲುವೇ. ಆದರೆ ಆ ನೋಟದ ಉದ್ದೇಶ ಏನಿತ್ತು? ಬೆಳೆದವನನ್ನು ಕೇಳದೆಯೇ ಅವನ ಬೆಳೆ ತಿಳಿದುಕೊಳ್ಳುವುದು. ಕೇಳಲು ಸಾಧ್ಯವೇ ಇಲ್ಲದ ಗಡಿಯಾಚೆಗೆ ಅದು ಸರಿ. ಕೇಳಲು ಸಾಧ್ಯವಿರುವಲ್ಲೂ ಕೇಳದೇ ಇರುವುದು ನಮಗೆ ಅಭ್ಯಾಸವಾಗಿಬಿಟ್ಟರೆ?

ಇಲ್ಲಿ ನನಗೆ ಆಶ್ಚರ್ಯ ಅನ್ನಿಸುವ ವಿಷಯ ಒಂದಿದೆ. ಬೆಳಕು ಅಳೆಯುವ ಈ ವಿದ್ಯೆಯ ಒಳಗೇ, ಅದರ ಪಾಠದ ಮೊದಲ ಪುಟಗಳಲ್ಲೇ, ಇದಕ್ಕೆ ಬೇಕಾದ ವಿನಯ ಇದೆ. ಮೂರು ಕಡೆ ಇದೆ.

ಮೊದಲನೆಯದು ಬಿಳಿ ಹಲಗೆ. ಓದುವ ದಿನಗಳಲ್ಲಿ ನಾವು ಹೊಲಕ್ಕೆ ಬೆಳಕಿನ ಮಾಪಕ ಹೊತ್ತುಕೊಂಡು ಹೋಗುತ್ತಿದ್ದೆವು. ಜೊತೆಗೆ ಒಂದು ಅಂಗೈಯಗಲದ ಅಚ್ಚಬಿಳಿ ಹಲಗೆ. ಬೆಳೆಯ ಮೇಲೆ ಮಾಪಕ ಹಿಡಿಯುವ ಮೊದಲು ಆ ಹಲಗೆಯ ಮೇಲೆ ಹಿಡಿಯಬೇಕು. ಯಾಕೆಂದರೆ ಪ್ರತಿಫಲನ ಅಂದರೆ ಎಷ್ಟು ಬೆಳಕು ಬಂತು ಅನ್ನೋದಲ್ಲ, ಬಿದ್ದದ್ದರಲ್ಲಿ ಎಷ್ಟು ಪಾಲು ವಾಪಸ್ ಬಂತು ಅನ್ನೋದು. ಒಂದು ತುಂಡು ಮೋಡ ಅಡ್ಡ ಬಂದರೂ ಮತ್ತೆ ಹಲಗೆ ಹಿಡಿಯಬೇಕು. ಮರೆತರೆ ಮೋಡದ ತಪ್ಪು ಬೆಳೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಆಗ ಇದು ನನಗೆ ಬರೀ ಕಿರಿಕಿರಿಯ ನಿಯಮ ಅನ್ನಿಸುತ್ತಿತ್ತು. ಈಗ ಅದರಲ್ಲಿ ನ್ಯಾಯದ ಒಂದು ಪಾಠವೂ ಕಾಣುತ್ತದೆ. ಒಬ್ಬನು ಎಷ್ಟು ಕೊಟ್ಟ ಅಂತ ಅಳೆಯುವ ಮುಂಚೆ ಅವನಿಗೆ ಎಷ್ಟು ಸಿಕ್ಕಿತ್ತು ಅಂತ ಅಳೆಯಬೇಕು.

ಎರಡನೆಯದು ಹೋಲಿಕೆಯ ಪಟ್ಟೆ. ಅಮೆರಿಕದ ಒಕ್ಲಹೋಮ ಸ್ಟೇಟ್ ಯುನಿವರ್ಸಿಟಿಯವರು ಕೈಯಲ್ಲಿ ಹಿಡಿದು ಅಳೆಯುವ ಮಾಪಕವನ್ನು ಗೋಧಿ ಬೆಳೆಗಾರರಿಗೆ ಕೊಡುವಾಗ ಒಂದು ಮಾತು ಕೂಡಿಸಿದರು. ನಿಮ್ಮ ಹೊಲದಲ್ಲೇ ಒಂದು ಪಟ್ಟೆಗೆ ಸಾರಜನಕ ಎಲ್ಲೂ ಕೊರತೆಯಾಗದಷ್ಟು ಕೊಟ್ಟುಬಿಡಿ. ಆಮೇಲೆ ಆ ಪಟ್ಟೆಯನ್ನೂ ಉಳಿದ ಹೊಲವನ್ನೂ ಅಳೆದು ಹೋಲಿಸಿ. ಎರಡೂ ಒಂದೇ ಬಂದರೆ ನಿಮ್ಮ ಮಣ್ಣೇ ಬೇಕಾದಷ್ಟು ಕೊಟ್ಟಿದೆ, ಗೊಬ್ಬರ ಸುರಿಯಬೇಡಿ. ಅಂದರೆ ಬರಿಯ 0.6 ಅನ್ನೋ ಸಂಖ್ಯೆಗೆ ಅರ್ಥವೇ ಇಲ್ಲ. ಅದೇ ಮಣ್ಣಿನಲ್ಲಿ, ಅದೇ ಮಳೆಯಲ್ಲಿ, ಅದೇ ತಳಿಗೆ ಎಷ್ಟು ಸಾಧ್ಯವಿತ್ತು ಅನ್ನೋದರ ಪಕ್ಕದಲ್ಲಿಟ್ಟಾಗ ಮಾತ್ರ ಅದು ಮಾತಾಡುತ್ತದೆ. ಕಪ್ಪು ನೆಲದ ಹೊಲವನ್ನೂ ಮಸಾರಿ ಹೊಲವನ್ನೂ ಒಂದೇ ಕೋಲಿನಿಂದ ಅಳೆಯಬೇಡ ಅಂತ ನಮ್ಮ ಹಿರಿಯರೂ ಹೇಳುತ್ತಿದ್ದರಲ್ಲ, ಅದೇ.

ಮೂರನೆಯದು ನನಗೆ ಬಹಳ ಇಷ್ಟದ್ದು. ಉಪಗ್ರಹದ ಚಿತ್ರ ನೋಡಿ ಇಲ್ಲಿ ಇಂಥ ಬೆಳೆ, ಇಂಥ ಸ್ಥಿತಿ ಅಂತ ಬರೆದ ಮೇಲೆ, ಕೆಲವು ಜಾಗಕ್ಕಾದರೂ ನಡೆದುಹೋಗಿ ಅದು ಹೌದೋ ಅಲ್ಲವೋ ನೋಡಬೇಕು. ಈ ಕೆಲಸಕ್ಕೆ ಈ ವಿದ್ಯೆಯವರು ಕೊಟ್ಟ ಹೆಸರು ಗ್ರೌಂಡ್ ಟ್ರೂತ್. ನೆಲದ ಸತ್ಯ. ಕೋಟಿಗಟ್ಟಲೆ ಖರ್ಚು ಮಾಡಿ ಆಕಾಶಕ್ಕೆ ಕಣ್ಣು ಕಳಿಸಿದವರೇ, ಸತ್ಯ ಅನ್ನೋ ಪದವನ್ನು ಮಾತ್ರ ನೆಲಕ್ಕೆ ಬಿಟ್ಟುಕೊಟ್ಟರು. ಮೇಲಿಂದ ಕಂಡದ್ದು ಅಂದಾಜು, ಕೆಳಗೆ ಇರೋದು ಸತ್ಯ. ಇದನ್ನು ಯಾವ ತತ್ತ್ವಜ್ಞಾನಿಯೂ ಹೇಳಿಕೊಡಲಿಲ್ಲ, ಕೆಲಸವೇ ಕಲಿಸಿತು.

ತೊಂದರೆ ಶುರುವಾಗೋದು ಸಂಖ್ಯೆ ಹೊಲದಿಂದ ಕಚೇರಿಗೆ ಪ್ರಯಾಣ ಮಾಡುವಾಗ. ಬಿಳಿ ಹಲಗೆ ಅಲ್ಲೇ ಉಳಿಯುತ್ತದೆ, ಹೋಲಿಕೆಯ ಪಟ್ಟೆ ಅಲ್ಲೇ ಉಳಿಯುತ್ತದೆ, ನೆಲದ ಸತ್ಯ ಒಂದು ಅಡಿಟಿಪ್ಪಣಿಯಾಗುತ್ತದೆ. ಕಡತದೊಳಕ್ಕೆ ಹೋಗೋದು 0.8 ಒಂದೇ. ವಿನಯವೆಲ್ಲ ದಾರಿಯಲ್ಲಿ ಉದುರಿ, ಉಳಿದದ್ದು ಬರೀ ಖಚಿತತೆ.

ಇದು ನನ್ನ ದೊಡ್ಡಪ್ಪನೊಬ್ಬರ ಕಥೆಯಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಬೆಳೆ ವಿಮೆಯನ್ನೇ ತಗೊಳ್ಳಿ. 2016ರಿಂದ ಇರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ನಷ್ಟದ ಲೆಕ್ಕ ಸಾಮಾನ್ಯವಾಗಿ ಆಗೋದು ಗ್ರಾಮ ಪಂಚಾಯತಿ ಮಟ್ಟದಲ್ಲಿ, ಕೆಲವೇ ಕೆಲವು ಕಟಾವು ಪ್ರಯೋಗಗಳ ಸರಾಸರಿಯ ಮೇಲೆ. ಭತ್ತಕ್ಕಾದರೆ 5 ಮೀಟರ್ ಉದ್ದ, 5 ಮೀಟರ್ ಅಗಲದ ತುಂಡು. ಈ ಪ್ರಯೋಗಗಳು ತಡವಾಗುತ್ತವೆ, ಕೆಲವೊಮ್ಮೆ ಜಗಳ ಆಗುತ್ತದೆ, ಕೆಲವೊಮ್ಮೆ ಕಾಗದದ ಮೇಲಷ್ಟೇ ಆಗುತ್ತವೆ ಅನ್ನೋ ದೂರು ಹಳೆಯದು. ಅದಕ್ಕೇ 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಗೆ ಉಪಗ್ರಹ ಮುಂತಾದ ತಂತ್ರಜ್ಞಾನದ ಅಂದಾಜಿಗೂ ಕನಿಷ್ಠ ಶೇಕಡ 30ರಷ್ಟು ತೂಕ ಕೊಡಬೇಕು ಅಂತ ಬಂತು. ನಾಳೆ ಬೇರೆ ಬೆಳೆಗಳಿಗೂ ಬರಬಹುದು. ನಮ್ಮ ಊರಿಗೆ ಆ ವರ್ಷ ಪರಿಹಾರ ಬರಲಿಲ್ಲ. ಅದಕ್ಕೆ ನನ್ನ ನಕ್ಷೆ ಕಾರಣ ಅಲ್ಲ, ಆಗಿನ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆದರೆ ಇನ್ನು ಮುಂದೆ ಇರುತ್ತದೆ. ಅದಕ್ಕೇ ಈ ಪ್ರಶ್ನೆ ಈಗ ಕೇಳಬೇಕು.

ಸರ್ಕಾರದ ಕಡೆಯ ಮಾತನ್ನೂ ನ್ಯಾಯವಾಗಿ ಹೇಳಬೇಕು. ಇಷ್ಟು ದೊಡ್ಡ ದೇಶದಲ್ಲಿ ಪ್ರತಿ ಹೊಲಕ್ಕೂ ಮನುಷ್ಯನನ್ನು ಕಳಿಸೋಕೆ ಆಗೋದಿಲ್ಲ. ಕಳಿಸುತ್ತೇವೆ ಅಂದರೆ ಮತ್ತೆ ಆಣೆವಾರಿಯ ಚಹಾ ಶುರು. ದೂರದಿಂದ ನೋಡೋದು ಬಿಟ್ಟರೆ ಎಷ್ಟೋ ಕಡೆ ನೋಡುವವರೇ ಇರೋದಿಲ್ಲ. ಯಾರೂ ನೋಡದೇ ಇರೋದಕ್ಕಿಂತ ದೂರದಿಂದಾದರೂ ನೋಡೋದು ಮೇಲು. ಇದನ್ನೆಲ್ಲ ನಾನು ಒಪ್ಪುತ್ತೇನೆ. ಮುಂಗಾರಿನಲ್ಲಿ ಮೋಡ ಕವಿದಾಗ ಬೆಳಕಿನ ಅಳತೆ ವಾರಗಟ್ಟಲೆ ಕುರುಡಾಗುತ್ತದೆ, ಅದಕ್ಕೂ ಮೋಡ ದಾಟಿ ನೋಡುವ ರಾಡಾರ್ ಉಪಗ್ರಹಗಳು ಬಂದಿವೆ. ತಂತ್ರ ಇನ್ನೂ ಸುಧಾರಿಸುತ್ತದೆ. ಕಾಳು ಕಟ್ಟುವ ಹೊತ್ತಿನ ಬಿಸಿ, ಮಳೆ ಎಲ್ಲ ಸೇರಿಸಿ ಲೆಕ್ಕ ಹಾಕುವ ಮಾದರಿಗಳೂ ಇವೆ.

ಆದರೆ ಎಷ್ಟೇ ಸುಧಾರಿಸಿದರೂ ಒಂದು ಮಾತು ಉಳಿಯುತ್ತದೆ. ಸಂಖ್ಯೆಯ ತಪ್ಪು ಎರಡು ಬಗೆಯದು. ನಷ್ಟ ಆಗದವನಿಗೆ ಆಗಿದೆ ಅನ್ನೋದು ಒಂದು. ಆದವನಿಗೆ ಆಗಿಲ್ಲ ಅನ್ನೋದು ಇನ್ನೊಂದು. ಲೆಕ್ಕದ ಪುಸ್ತಕದಲ್ಲಿ ಎರಡೂ ತಪ್ಪಿನ ತೂಕ ಒಂದೇ. ಬದುಕಿನಲ್ಲಿ ಒಂದೇ ಅಲ್ಲ. ಮೊದಲನೆಯದರಲ್ಲಿ ಒಂದು ದೊಡ್ಡ ಖಜಾನೆಗೆ ಸಣ್ಣ ತೂತು. ಎರಡನೆಯದರಲ್ಲಿ ಒಂದು ಸಣ್ಣ ಮನೆಯಲ್ಲಿ ಸಾಲ, ಅಡವಿಟ್ಟ ಬಂಗಾರ, ನಿಂತುಹೋದ ಮಗಳ ಓದು. ಹಾಗಾಗಿ ನನಗೆ ತೋಚುವ ನಿಯಮ ಇದು: ಕೊಡುವುದಕ್ಕೆ ಸಂಖ್ಯೆ ಸಾಕು, ಇಲ್ಲ ಅನ್ನುವುದಕ್ಕೆ ಮಾತ್ರ ಸಂಖ್ಯೆ ಸಾಲದು. ಹೊಲ ಒಣಗಿದೆ ಅಂತ ಉಪಗ್ರಹ ಹೇಳಿದರೆ ಕಾಯಿಸದೆ ಕೊಟ್ಟುಬಿಡಿ. ಹಸಿರಾಗಿದೆ ಅಂತ ಉಪಗ್ರಹ ಹೇಳಿ, ಕಾಳಿಲ್ಲ ಅಂತ ರೈತ ಹೇಳಿದರೆ, ಒಬ್ಬರು ಎದ್ದು ಹೋಗಿ ತೆನೆ ಸುಲಿದು ನೋಡಲಿ.

ಹಾಗೆ ಮಾಡಿದರೆ ಎಲ್ಲರೂ ಕಾಳಿಲ್ಲ ಅಂತ ಸುಳ್ಳು ಹೇಳೋದಿಲ್ಲವೇ ಅಂತ ನೀವು ಕೇಳಬಹುದು. ಕೆಲವರು ಹೇಳುತ್ತಾರೆ, ನಮ್ಮ ಊರಿನವರನ್ನು ನಾನು ಬಲ್ಲೆ. ಹೋಗಿ ನೋಡಿದರೆ ಆ ಸುಳ್ಳೂ ಸಿಕ್ಕಿಬೀಳುತ್ತದೆ. ಮತ್ತೆ, ಎಲ್ಲ ಹೊಲಕ್ಕೂ ಹೋಗಬೇಕಿಲ್ಲ. ಎರಡು ಸಾಕ್ಷಿಗಳ ಮಾತು ಕೂಡದೇ ಇರುವ ಕಡೆ ಹೋದರೆ ಸಾಕು. ಉಪಗ್ರಹದಿಂದ ಆಗುವ ಅತಿ ದೊಡ್ಡ ಉಪಕಾರವೇ ಇದು ಅಂತ ನನ್ನ ಭಾವನೆ. ಎಲ್ಲಿಗೆ ನಡೆದುಹೋಗಬೇಕು ಅನ್ನೋದನ್ನ ಅದು ತೋರಿಸಿಕೊಡುತ್ತದೆ. ನಡೆಯುವ ಕೆಲಸ ನಮ್ಮದು.

ಆ ವರ್ಷ ದಸರಾ ರಜೆಗೆ ಊರಿಗೆ ಹೋದೆ. ಮರುದಿನ ಬೆಳಗ್ಗೆ ದೊಡ್ಡಪ್ಪ ಹೊಲಕ್ಕೆ ಕರೆದುಕೊಂಡು ಹೋದರು. ದೂರದಿಂದ ನೋಡಿದರೆ ಯಾರಾದರೂ ಕಣ್ಣು ಹಾಕುವಂಥ ಬೆಳೆ. ಬದು ದಾಟಿ ಒಳಗೆ ಹೋಗಿ ಒಂದು ತೆನೆ ಮುರಿದರು. ಸಿಪ್ಪೆ ಸುಲಿದು ನನ್ನ ಕೈಗೆ ಕೊಟ್ಟರು. ಬೊಚ್ಚು ಬಾಯಿಯಲ್ಲಿ ಅಲ್ಲೊಂದು ಇಲ್ಲೊಂದು ಹಲ್ಲು ಉಳಿದ ಹಾಗೆ, ಎಣಿಸಿದರೆ ಇಪ್ಪತ್ತು ಕಾಳಿರಲಿಲ್ಲ. ಇನ್ನೊಂದು ಸುಲಿದರು. ಅದೂ ಹಾಗೇ. ನಾನು ತಪ್ಪಾಯ್ತು ಅನ್ನುವ ದನಿಯಲ್ಲಿ, ಉಪಗ್ರಹಕ್ಕೆ ಕಾಳು ಕಾಣೋದಿಲ್ಲ, ಎಲೆ ಅಷ್ಟೇ ಕಾಣೋದು ಅಂತ ವಿವರಿಸೋಕೆ ಶುರುಮಾಡಿದೆ.

ಅವರು ನಡುವೆಯೇ ಅಂದರು: "ಅದಕ್ಕ ಕಾಣೂದಿಲ್ಲ ಬಿಡು, ಅದರದೇನ ತಪ್ಪು. ನಾ ಫೋನ್ ಹಚ್ಚಿದ್ನೆಲ್ಲೋ? ನೀ ನನಗ ಕೇಳಬೇಕಿತ್ತು."

ಆ ಮಾತು ನನ್ನನ್ನು ಸರಿಯಾದ ಜಾಗದಲ್ಲಿ ಹಿಡಿಯಿತು. ನೆಲದ ಸತ್ಯ ಹುಡುಕಿಕೊಂಡು ಜೀಪು ಮಾಡಿಕೊಂಡು ಊರೂರು ಅಲೆಯುವವರು ನಾವು. ಅಂದು ಸಂಜೆ ನೆಲದ ಸತ್ಯ ತಾನೇ ಫೋನ್ ಮಾಡಿತ್ತು. ಹೊಲದಲ್ಲಿ ನಿಂತ ಮನುಷ್ಯ ಲೈನಿನಲ್ಲಿದ್ದ. "ನಿಮಗ ಹೆಂಗ ಕಾಣತೈತಿ ದೊಡ್ಡಪ್ಪ?" ಅಂತ ಒಂದು ಮಾತು ಕೇಳಿದ್ದರೆ ಮುಗಿದಿತ್ತು. ನಾನು ಅವರ ಹೊಲದ ಬಗ್ಗೆ ಅವರಿಗೇ ಹೇಳಿದೆ.

ಆ ಬೆಳೆಯನ್ನು ಕಡೆಗೆ ಮೇವಿಗೆ ಕೊಟ್ಟರು. ಎಲೆ ಹಸಿರಾಗಿತ್ತಲ್ಲ, ದನಕ್ಕೆ ಒಳ್ಳೆಯದೇ ಆಯಿತು. ಬೀಜ ಗೊಬ್ಬರದ ದುಡ್ಡೂ ಪೂರ್ತಿ ಹುಟ್ಟಲಿಲ್ಲ.

ಕಂಪನಿ ಬಿಟ್ಟೆ, ಈ ಕೆಲಸ ಬಿಟ್ಟಿಲ್ಲ. ಈಗಲೂ ಬೆಳಕನ್ನೇ ಅಳೆಯುತ್ತೇನೆ. ನನ್ನ ನಕ್ಷೆಯಲ್ಲಿ "ಉತ್ತಮ" ಅನ್ನೋ ಪದ ತೆಗೆದುಹಾಕಿದ್ದೇನೆ, "ಹಸಿರು ಹೆಚ್ಚು" ಅಂತಷ್ಟೇ ಬರೆಯುತ್ತೇನೆ. ದೊಡ್ಡಪ್ಪನೂ ಈಗಲೂ ಫೋನ್ ಮಾಡುತ್ತಾರೆ, ಅದೇ ಪ್ರಶ್ನೆ ಕೇಳುತ್ತಾರೆ.

"ಏನೋ ತಮ್ಮಾ, ಹೆಂಗ ಕಾಣಾಕತ್ತೈತಿ ಬೆಳಿ?"

"ಇಲ್ಲಿಂದ ಹಸರ ಕಾಣತೈತಿ ದೊಡ್ಡಪ್ಪ. ಅಲ್ಲಿಂದ ಹೆಂಗೈತಿ, ನೀವ ಹೇಳ್ರಿ."